ಆಫೀಸಿಗೆ ಬಸ್ಸಲ್ಲಿ ಬನ್ನಿ: ನಮ್ಮ ಪ್ರಯೋಗ ಎಲ್ಲಿಗೆ ಬಂತು

ಸೆಪ್ಟೆಂಬರ್ 2025

ನಮ್ಮ ಆಫೀಸು ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿ, ಮಾರತಹಳ್ಳಿ ಹತ್ತಿರ. ಬೇಸ್‌ಮೆಂಟ್ ಪಾರ್ಕಿಂಗ್ ಸಾಲುತ್ತಿಲ್ಲ, ಪಕ್ಕದ ಖಾಲಿ ಸೈಟನ್ನು ಬಾಡಿಗೆಗೆ ಹಿಡಿಯೋಣ ಅಂತ ಮಾತು ನಡೆದಿತ್ತು. ಅದರ ಬದಲು ಜನರನ್ನು ಬಸ್ಸಿಗೆ ಹತ್ತಿಸಿ ನೋಡೋಣ, ನಾನು ನೋಡಿಕೊಳ್ಳುತ್ತೇನೆ ಅಂದೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇದು ಬಿಡುವಿನ ಹೊತ್ತಿನ ಹುಚ್ಚು.

ಅಡ್ಮಿನ್‌ನಲ್ಲಿರುವ ಹಿರಿಯರೊಬ್ಬರು ನಕ್ಕರು. ಬಿಎಂಟಿಸಿ 2010ರ ಫೆಬ್ರವರಿಯಲ್ಲಿ ‘ಬಸ್ ಡೇ’ ಶುರು ಮಾಡಿತ್ತು. ಪ್ರತಿ ತಿಂಗಳು 4ನೇ ತಾರೀಖು ಎಲ್ಲರೂ ಬಸ್ಸಲ್ಲೇ ಓಡಾಡಿ ಅಂತ. "4ನೇ ತಾರೀಖು ಬಸ್ಸು, 5ನೇ ತಾರೀಖು ಮತ್ತೆ ಬೈಕು" ಅಂದರು. ಅವರು ಹೇಳಿದ್ದೂ ಸರಿ. ಒಂದು ದಿನದ ಉತ್ಸವ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಎಲ್ಲರ ಬಾಯಲ್ಲೂ ಮೊದಲು ಬಂದದ್ದು "ಪಾಸ್ ಫ್ರೀ ಕೊಟ್ಟುಬಿಡಿ". ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,200 ರೂಪಾಯಿ, ಎಸಿ ಬಸ್ಸು ವಜ್ರದ್ದು 2,000. ಕಂಪನಿಗೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ಪಟ್ಟಿ ಮಾಡಲು ಕೂತಾಗ ತಮಾಷೆ ಗೊತ್ತಾಯಿತು. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. "ನಮಗೆ ಹೇಗೂ ಫ್ರೀ ಅಲ್ವಾ, ಕೊಡೋದಾದ್ರೆ ಎಸಿ ಬಸ್ಸಿನ ಪಾಸ್ ಕೊಡಿ" ಅಂದರು. ವಜ್ರಕ್ಕೆ ಶಕ್ತಿ ಇಲ್ಲ. ಇನ್ನು ಕೇರಳ, ಬಿಹಾರದ ವಿಳಾಸ ಇರುವವರಿಗೆ ಸಾಮಾನ್ಯ ಬಸ್ಸಲ್ಲೂ ಟಿಕೆಟ್ ತಪ್ಪಿದ್ದಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಪಾಸ್ ಅನ್ನುವುದನ್ನು ಬಿಟ್ಟು, ಬೇಕಾದ ಪಾಸ್ ತಗೊಂಡು ಬಿಲ್ ಹಾಕಿ ಅಂತ ಮಾಡಿದೆವು.

ಅಕೌಂಟ್ಸ್‌ನವರು ಅಲ್ಲೂ ಒಂದು ಕೊಕ್ಕೆ ಹಾಕಿದರು. ತಿಂಗಳಿಗೆ 1,600 ರೂಪಾಯಿಯ ಸಾರಿಗೆ ಭತ್ಯೆಗೆ ಇದ್ದ ತೆರಿಗೆ ವಿನಾಯಿತಿ 2018ರ ಬಜೆಟ್‌ನಲ್ಲೇ ಹೋಯಿತು. ಈಗ ಪಾಸಿನ ದುಡ್ಡು ಕೊಟ್ಟರೆ ಅದೂ ಸಂಬಳದ ಲೆಕ್ಕಕ್ಕೇ ಸೇರುತ್ತದಂತೆ. ಕಂಪನಿಯೇ ಕ್ಯಾಬ್ ಕಳಿಸಿ ಮನೆಯಿಂದ ಕರೆದುಕೊಂಡು ಬಂದರೆ ಮಾತ್ರ ತೆರಿಗೆ ಇಲ್ಲ. ಬಸ್ಸಲ್ಲಿ ಬರುವವನಿಗೆ ತೆರಿಗೆ, ಕ್ಯಾಬಲ್ಲಿ ಬರುವವನಿಗೆ ಮಾಫಿ. ಇದಕ್ಕೇನು ಹೇಳೋದು?

ಅಕ್ಟೋಬರ್

ಪಾಸ್ ಕೊಟ್ಟರೂ ಜನ ಅಷ್ಟಕ್ಕಷ್ಟೇ. ಯಾಕೆ ಅಂತ ನೋಡಲು ನಾನೇ 500ಡಿ ಬಸ್ಸಲ್ಲಿ ಬಂದು ಇಳಿದೆ. ಸ್ಟಾಪ್ ನಮ್ಮ ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತಿದೆ. ಒಳಗೆ ಹೋಗುವ ಗೇಟು ಮಾತ್ರ ಕಟ್ಟಡದ ಹಿಂದೆ. ಸರ್ವಿಸ್ ರಸ್ತೆ ಸುತ್ತಿಕೊಂಡು, ಮೆಟ್ರೊ ಬ್ಯಾರಿಕೇಡ್ ಪಕ್ಕ ಕೆಸರು ದಾಟಿ, ಕೊನೆಗೆ ಕಾರು ಇಳಿಯುವ ರ‍್ಯಾಂಪಲ್ಲಿ ಹಾರ್ನ್ ಹೊಡೆಸಿಕೊಂಡು ನಡೆಯಬೇಕು. ಇಸ್ತ್ರಿ ಮಾಡಿದ ಪ್ಯಾಂಟ್ ಹಾಕಿಕೊಂಡು ಯಾರು ಬರುತ್ತಾರೆ!

ಆದರೆ ಸ್ಟಾಪಿನ ಎದುರಿಗೇ ಗೋಡೆಯಲ್ಲಿ ಒಂದು ಪುಟ್ಟ ಕಬ್ಬಿಣದ ಗೇಟಿತ್ತು. ತುಕ್ಕು ಹಿಡಿದ ಬೀಗ, ಒಳಗಡೆ ಅಡ್ಡಕ್ಕೆ ಕ್ರೋಟನ್ ಕುಂಡಗಳ ಸಾಲು. ಸೆಕ್ಯುರಿಟಿ ಸೂಪರ್‌ವೈಸರನ್ನು ಕೇಳಿದರೆ, "ಕೋವಿಡ್ ಟೈಮಲ್ಲಿ ಮುಚ್ಚಿದ್ದು ಸಾರ್. ತೆಗೀರಿ ಅಂತ ಯಾರೂ ಹೇಳ್ಲಿಲ್ಲ" ಅಂದರು. ಬಿಲ್ಡಿಂಗ್ ಮಾಲೀಕರ ಕಡೆಯವರಿಗೆ ಮೇಲ್ ಮೇಲೆ ಮೇಲ್ ಹೋಯಿತು. ಕಾರ್ಡ್ ತೋರಿಸುವ ಮಷೀನ್ ಒಂದು, ಗಾರ್ಡ್ ಒಬ್ಬರು ಅಂತ ಒಪ್ಪಿಸಿ, ಬೆಳಿಗ್ಗೆ ಸಂಜೆ ಮಾತ್ರ ತೆಗೆಸಿದೆವು. ದೀಪಾವಳಿ ಮುಗಿಸಿ ಬಂದವರಿಗೆ ಗೇಟು ತೆರೆದಿತ್ತು. ಪಾಸಿಗಿಂತ ಇದಕ್ಕೇ ಜಾಸ್ತಿ ಥ್ಯಾಂಕ್ಸ್ ಬಂತು.

ನವೆಂಬರ್

ನಿಜವಾದ ಗಂಟು ಈಗ ಸಿಕ್ಕಿದೆ: ಒಂಬತ್ತೂವರೆ ಮೀಟಿಂಗು.

500 ನಂಬರಿನ ಬಸ್ಸುಗಳು ಈ ರಸ್ತೆಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಸಿಲ್ಕ್ ಬೋರ್ಡ್‌ನಿಂದ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತವೆ ಅನ್ನುವುದನ್ನು ಮಾತ್ರ ಯಾರೂ ಹೇಳಲಾರರು. 2019ರಲ್ಲಿ ಇದೇ ರಸ್ತೆಯಲ್ಲಿ ಬಸ್ಸಿಗೆ ಅಂತಲೇ ಲೇನ್ ಮಾಡಿದ್ದರು. ಮೆಟ್ರೊ ಕೆಲಸ ಬಂದ ಮೇಲೆ ಅದು ಉಳಿಯಲಿಲ್ಲ. ಹೀಗಿರುವಾಗ ಒಂಬತ್ತೂವರೆಗೆ ಸೀಟಲ್ಲಿರಬೇಕು ಅಂದರೆ ಜನ ಬೈಕೇ ತೆಗೆಯುತ್ತಾರೆ. ಸಂದಿಯಲ್ಲಿ ನುಗ್ಗಬಹುದಲ್ಲ.

ಮೀಟಿಂಗನ್ನು 11ಕ್ಕೆ ಹಾಕಿ, 8ರಿಂದ 11ರೊಳಗೆ ಯಾವಾಗ ಬೇಕಾದರೂ ಬನ್ನಿ, ಒಟ್ಟು ಗಂಟೆ ಲೆಕ್ಕ ಸರಿ ಇರಲಿ ಅಂತ ಕೇಳಿದೆ. "ಬಸ್ ಸಿಗಲಿಲ್ಲ ಅನ್ನೋದು ಎಲ್ಲರಿಗೂ ನೆಪ ಆಗುತ್ತೆ" ಅಂದರು ಒಬ್ಬ ಮ್ಯಾನೇಜರ್. ಈಗ ಟ್ರಾಫಿಕ್ ಅನ್ನುವ ನೆಪ ಇಲ್ಲವೇ ಅಂದೆ. ಎರಡು ಟೀಮಿಗೆ ಮಾತ್ರ ಒಪ್ಪಿದರು. ಬದಲಾವಣೆ ಕಾಣಿಸಿದ್ದೂ ಆ ಎರಡು ಟೀಮಲ್ಲೇ. ರಾಜಾಜಿನಗರ, ವಿಜಯನಗರದ ಕಡೆಯವರು ಮೆಟ್ರೊದಲ್ಲಿ ಕೆ.ಆರ್. ಪುರಕ್ಕೆ ಬಂದು ಬಸ್ ಹಿಡಿಯುತ್ತಿದ್ದಾರೆ. ಜಯನಗರದ ಕಡೆಯವರಿಗೆ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ವರ ಆಗಿದೆ. ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೊ, ಅಲ್ಲಿಂದ ಬಸ್ಸು. ಪಾಸಿನ ಸೌಲಭ್ಯ ಎಲ್ಲ ಟೀಮಿಗೂ ಒಂದೇ ಇತ್ತು ಅನ್ನುವುದನ್ನು ಮ್ಯಾನೇಜ್‌ಮೆಂಟ್ ಗಮನಿಸಲಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದೇನೆ.

ಡಿಸೆಂಬರ್

ಶಾಲೆಯಿಂದ ಮಗುವಿಗೆ ಜ್ವರ ಅಂತ ಫೋನ್ ಬಂದರೆ? ಬೈಕ್ ಬಿಡದವರು ಮೊದಲು ಕೇಳುವುದು ಇದನ್ನೇ. ಅಂಥ ಹೊತ್ತಿಗೆ ಕಂಪನಿ ಖರ್ಚಲ್ಲಿ ಕ್ಯಾಬ್ ಅಂತ ಬರವಣಿಗೆಯಲ್ಲಿ ಕೊಡಿಸಿದೆ. ಬಳಸಿದವರು ಇಲ್ಲ ಅನ್ನುವಷ್ಟು ಕಡಿಮೆ. ಇದೆ ಅನ್ನುವ ಧೈರ್ಯವೇ ಸಾಕಾಗುತ್ತದೆ.

ಸಿಕ್ಕಿಕೊಂಡಿರುವುದು ಪಾರ್ಕಿಂಗ್ ದುಡ್ಡು. ಕಾರಿನ ಜಾಗಕ್ಕೆ ಕಂಪನಿ ತಿಂಗಳ ಬಾಡಿಗೆ ಕಟ್ಟುತ್ತದೆ, ಕಾರಿನವರಿಗೆ ಅದು ಪುಕ್ಕಟೆ. ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಒಂದು ಕಾನೂನಿದೆ. ಬಾಡಿಗೆ ಜಾಗದಲ್ಲಿ ಪುಕ್ಕಟೆ ಪಾರ್ಕಿಂಗ್ ಕೊಡುವ ದೊಡ್ಡ ಕಂಪನಿಗಳು, ಜಾಗ ಬೇಡ ಅನ್ನುವ ನೌಕರರಿಗೆ ಆ ದುಡ್ಡನ್ನು ಕೈಗೆ ಕೊಡಬೇಕು. ನಾವೂ ಹಾಗೇ ಮಾಡೋಣ ಅಂತ ಫೈನಾನ್ಸ್‌ಗೆ ಬರೆದಿದ್ದೇನೆ. ಫೈಲ್ ಅಲ್ಲೇ ಕೂತಿದೆ. ಪಕ್ಕದ ಸೈಟಿನ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.

ರಾತ್ರಿ ಪಾಳಿಯವರನ್ನು ಇದಕ್ಕೆ ಸೇರಿಸಿಲ್ಲ. ಹೆಣ್ಣುಮಕ್ಕಳಿಗೆ ಆ ಹೊತ್ತಲ್ಲಿ ಕಂಪನಿಯೇ ವಾಹನ ಕೊಡಬೇಕು, ಅದು ಹಾಗೇ ಮುಂದುವರಿಯುತ್ತದೆ. ಜನವರಿಯಲ್ಲಿ ಇನ್ನೂ ಮೂರು ಟೀಮಿನ ಮೀಟಿಂಗ್ 11ಕ್ಕೆ ಹೋಗುತ್ತದೆ. ಸಂಜೆ ವಾಪಸ್ ಹೋಗುವವರು ರಸ್ತೆ ದಾಟುವ ಸ್ಕೈವಾಕ್‌ನಲ್ಲಿ ಲೈಟ್ ಇಲ್ಲ, ಅದರ ದೂರು ಕೊಟ್ಟಾಗಿದೆ.