ಹದಿನಾರು ಮತ
ಬೆಳಿಗ್ಗೆ ಮಗಳ ಗ್ಲೋಬಿನ ದೂಳು ಒರೆಸ್ತಿದ್ದೆ. ಪೆಸಿಫಿಕ್ಕಿನ ನೀಲಿ ಮೇಲೊಂದು ಚುಕ್ಕೆ. ಕೊಳೆ ಅಂದ್ಕೊಂಡು ಉಜ್ಜಿದೆ, ಹೋಗಲಿಲ್ಲ. ಕನ್ನಡಕ ಹಾಕ್ಕೊಂಡು ನೋಡಿದ್ರೆ, ಟೊಕೆಲಾವ್!

ಮೂರೇ ಹವಳದ್ವೀಪ. ಸುಮಾರು 1,500 ಜನ. ವಿಮಾನ ನಿಲ್ದಾಣ ಇಲ್ಲ, ಸಮೋವಾದಿಂದ ಹಡಗೇ ಗತಿ. ನ್ಯೂಜಿಲೆಂಡಿನ ಕೈಕೆಳಗಿನ ಪ್ರದೇಶ.

ಸ್ವಯಮಾಡಳಿತ ಬೇಕಾ ಅಂತ 2006ರಲ್ಲಿ ಮತಕ್ಕೆ ಹಾಕಿದ್ರು. ಮೂರರಲ್ಲಿ ಎರಡು ಪಾಲು ಬೇಕಿತ್ತು, ಬರಲಿಲ್ಲ. 2007ರಲ್ಲಿ ಮತ್ತೆ. ಬೇಕು ಅಂದೋರು 446, ಬೇಡ ಅಂದೋರು 242.

ಆದ್ರೂ ಬಿದ್ದುಹೋಯ್ತು. 16 ಮತ ಸಾಲಲಿಲ್ಲ.

ಹದಿನಾರು ಜನ ಅಂದ್ರೆ ನಮ್ಮನೆ ಹಬ್ಬದೂಟದ ಒಂದು ಪಂಕ್ತಿನೂ ತುಂಬಲ್ಲ ಮಾರಾಯ್ರೆ.

ಅಷ್ಟು ಸಣ್ಣ ಊರಲ್ಲಿ ಯಾರು ಏನು ಹಾಕಿದ್ರು ಅಂತ ಎಲ್ಲರಿಗೂ ಅಂದಾಜು ಇರುತ್ತೇನೋ. ಮಾರನೇ ದಿನ ಮೀನಿಗೆ ಒಂದೇ ದೋಣೀಲಿ ಹೋಗಬೇಕಲ್ಲ...