ಕರಪತ್ರ ಮಡಿಚಿದ ಕೈ, ಗೈರು ಬರೆದ ಕೈ

ನವೆಂಬರ್ ತಿಂಗಳೆಂದರೆ ಗದಗಿನ ಪ್ರೆಸ್‌ಗಳಲ್ಲಿ ಯಾರಿಗೂ ಪುರುಸೊತ್ತಿಲ್ಲದ ಕಾಲ. ಒಂದು ಕಡೆ ಹೊಸ ವರ್ಷದ ಕ್ಯಾಲೆಂಡರ್ ಮತ್ತು ಡೈರಿಗಳು, ಇನ್ನೊಂದು ಕಡೆ ತುಳಸಿ ಲಗ್ನ ಮುಗಿದದ್ದೇ ತಡ ಶುರುವಾಗುವ ಲಗ್ನಪತ್ರಿಕೆಗಳು. ಎರಡು ವರ್ಷಗಳ ಹಿಂದೆ ಅಂಥದೇ ಗಡಿಬಿಡಿಯ ನಡುವೆ, ಮಹಿಳೆಯರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುವ ಸಂಘವೊಂದು ಐದು ಸಾವಿರ ಕರಪತ್ರಗಳ ಕೆಲಸವನ್ನು ನಮ್ಮಲ್ಲಿಗೆ ತಂದಿತು. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಜಗತ್ತಿನ ಹಲವು ದೇಶಗಳಲ್ಲಿ ನಡೆಯುವ ಹದಿನಾರು ದಿನಗಳ ಆಂದೋಲನಕ್ಕಾಗಿ ಅವು ಬೇಕಾಗಿದ್ದವು. ನಮ್ಮ ಮಾಲಕರು ಕಾಗದದ ಖರ್ಚನ್ನಷ್ಟೇ ತೆಗೆದುಕೊಂಡು ಮುದ್ರಣದ ಕೂಲಿಯನ್ನು ಬಿಟ್ಟುಕೊಟ್ಟರು. ಕೊನೆಯ ಪುಟದ ಅಡಿಯಲ್ಲಿ ನಮ್ಮ ಪ್ರೆಸ್ಸಿನ ಹೆಸರು ಬಂದಿತು. ಎಲ್ಲರಿಗೂ ಸಂತೋಷವಾಯಿತು, ನನಗೂ ಆಯಿತು.

ಆ ಕರಪತ್ರ ಮೂರು ಮಡಿಕೆಯದು. ಫೋಲ್ಡಿಂಗ್ ಮಶಿನ್ ಡೈರಿಯ ಫಾರ್ಮುಗಳಲ್ಲಿ ಸಿಕ್ಕಿಕೊಂಡಿದ್ದರಿಂದ ಬೈಂಡಿಂಗ್ ವಿಭಾಗದ ಹೆಂಗಸರು ನೆಲದ ಮೇಲೆ ತಟ್ಟು ಹಾಸಿಕೊಂಡು ಕೈಯಿಂದಲೇ ಮಡಿಚಲು ಕುಳಿತರು. ಅವರಲ್ಲಿ ಬೆಟಗೇರಿಯಿಂದ ಬರುವ ಒಬ್ಬ ಹೆಣ್ಣುಮಗಳು ಮರದ ಅಡಿಪಟ್ಟಿಯಿಂದ ಮಡಿಕೆಯ ಅಂಚನ್ನು ತೀಡುತ್ತಿದ್ದುದನ್ನು ನಾನು ಲೆಕ್ಕದ ಟೇಬಲ್ಲಿನಿಂದ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಡಗೈಯಲ್ಲಿ ಹಸಿರು ಬಳೆಗಳು ತುಂಬಿದ್ದವು, ಬಲಗೈಯಲ್ಲಿ ಒಂದೂ ಇರಲಿಲ್ಲ. ನೋಡಿದೆ, ನೋಡಿ ಮತ್ತೆ ಲೆಡ್ಜರಿಗೆ ಕಣ್ಣು ಹಾಕಿದೆ. ಆ ತಿಂಗಳು ಆಕೆ ಮೂರು ದಿನ ಕೆಲಸಕ್ಕೆ ಬಂದಿರಲಿಲ್ಲ. ಕೇಳಿದ್ದಕ್ಕೆ ಊರಿಗೆ ಹೋಗಿದ್ದಾಗಿ ಹೇಳಿದ್ದರು. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೈರು ಎಂದು ಬರೆದು ಮೂರು ದಿನಗಳ ಪಗಾರ ಮುರಿದವಳು ನಾನೇ.

ಸತ್ಯ ತಿಳಿದದ್ದು ಸಂಕ್ರಾಂತಿ ಕಳೆದ ಮೇಲೆ, ಆಕೆ ಮುಂಗಡ ಕೇಳಲು ಬಂದಾಗ. ಆ ಮೂರು ದಿನ ಆಕೆ ಊರಿಗೆ ಹೋಗಿರಲಿಲ್ಲ, ಗಂಡ ಹೊಡೆದಿದ್ದ. ಕರಪತ್ರದಲ್ಲಿ ಸಹಾಯವಾಣಿಯ ಸಂಖ್ಯೆ ಇತ್ತಲ್ಲ, ಕರೆ ಮಾಡಬಾರದಾಗಿತ್ತೇ ಎಂದು ನಾನು ಬುದ್ಧಿವಂತಳಂತೆ ಕೇಳಿದೆ. ಆಕೆ ತಲೆಯೆತ್ತದೆ ಹೇಳಿದ ಮಾತು ಇಷ್ಟು: “ನೂರಾ ಎಂಬತ್ತೊಂದು ನಂಗ ಬಾಯಿಪಾಠ ಆಗಿತ್ತರಿ ಅಕ್ಕಾರ, ಸಾವಿರ ಸಲ ಮಡಚೇನಿ. ಫೋನ್ ಅವರ ಕಿಸೇದಾಗ ಇರತಿತ್ತು.”

ಹತ್ತು ಹೆಜ್ಜೆಯ ದೂರದಲ್ಲಿ ನನ್ನ ಟೇಬಲ್ಲಿನ ಮೇಲೆ ಪ್ರೆಸ್ಸಿನ ಫೋನ್ ಇತ್ತು. ಅದನ್ನು ಕೆಲಸಗಾರರು ಮುಟ್ಟಬಾರದೆಂಬ ನಿಯಮವನ್ನೂ ನಾನೇ ಮಾಡಿದ್ದೆ.

ಅಂದಿನಿಂದ ಕೆಲಸದ ಸ್ಥಳಗಳು ಇಂಥ ಆಂದೋಲನಗಳಿಗೆ ಹೇಗೆ ನೆರವಾಗಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಬ್ಯಾನರು, ಮೇಣದಬತ್ತಿ, ಜಾಥಾದ ಫೋಟೊ ಇವುಗಳಿಗಿಂತ ಮೊದಲು ನೆನಪಾಗುವುದು ಹಾಜರಿ ಪುಸ್ತಕ. ದೇಣಿಗೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಸಂಘಗಳಿಗೆ ಹಣ ಬೇಕು, ಕಾಗದವೂ ಬೇಕು. ಆದರೆ ಯಾವ ಸಂಘಕ್ಕೂ ಇಲ್ಲದ ಒಂದು ಅನುಕೂಲ ನಮ್ಮಂಥ ಜಾಗಗಳಿಗಿದೆ. ಮನೆಯಿಂದ ಹೊರಗೆ ಬರಲು ಬೇರೆ ಯಾವ ನೆಪವೂ ಇಲ್ಲದ ಹೆಣ್ಣುಮಗಳು ದಿನಕ್ಕೆ ಎಂಟು ತಾಸು ನಮ್ಮ ಸೂರಿನ ಕೆಳಗಿರುತ್ತಾಳೆ. ಆಕೆಯ ದುಡ್ಡು ನಮ್ಮ ಕೈಯಿಂದ ಹೋಗುತ್ತದೆ, ಆಕೆ ಬಾರದ ದಿನ ಮೊದಲು ಗೊತ್ತಾಗುವುದು ನಮಗೆ.

ಕೆಲಸದ ಸ್ಥಳ ಎಂದ ಕೂಡಲೇ ಎಲ್ಲರೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ನೆನೆಯುತ್ತಾರೆ. ಅದರ ಹಿಂದಿನ ಕಥೆ ನಮ್ಮ ಚರ್ಚೆಗೆ ನೇರವಾಗಿ ಸೇರಿದ್ದು. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಥಿನ್, ಅಂದರೆ ಹಳ್ಳಿಯ ಮಟ್ಟದ ಕಾರ್ಯಕರ್ತೆ, ಆಗಿದ್ದ ಭನ್ವರಿ ದೇವಿ ಬಾಲ್ಯವಿವಾಹವನ್ನು ತಡೆಯಲು ಹೋಗಿದ್ದರು. ಅದು ಅವರ ಕೆಲಸವೇ ಆಗಿತ್ತು. ಆ ಸಿಟ್ಟಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಪ್ರಕರಣದ ಬೆನ್ನಿಗೆ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1997ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ ಮಾರ್ಗಸೂಚಿ ಹಾಕಿಕೊಟ್ಟ ವಿಶಾಖಾ ತೀರ್ಪು ಬಂದಿತು. ತೀರ್ಪು ಕಾಯ್ದೆಯಾಗಲು ಮತ್ತೆ ಹದಿನಾರು ವರ್ಷಗಳು ಬೇಕಾದವು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ನೌಕರರೊಬ್ಬರು ಅದರ ಮುಖ್ಯಸ್ಥರು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಒಬ್ಬರು ಹೊರಗಿನವರು; ಸಮಿತಿ ಮಾಡದಿದ್ದರೆ ಮಾಲಕರಿಗೆ 50,000 ರೂಪಾಯಿವರೆಗೆ ದಂಡ. ನಮ್ಮಲ್ಲಿ ಇಪ್ಪತ್ತೆರಡು ಜನರಿದ್ದೇವೆ, ಸಮಿತಿ ಕಾಗದದ ಮೇಲೆ ಇತ್ತು, ಗೋಡೆಯ ಮೇಲೆ ಅದರ ಫಲಕವೂ ಇತ್ತು. ಅಕ್ಷರವನ್ನೇ ಉಂಡು ಬದುಕುವ ಕನ್ನಡದ ಪ್ರೆಸ್ಸಿನಲ್ಲಿ ಆ ಫಲಕವೊಂದು ಮಾತ್ರ ಇಂಗ್ಲಿಷಿನಲ್ಲಿತ್ತು! ಅದನ್ನು ಇಳಿಸಿ ದೊಡ್ಡ ಅಕ್ಷರದ ಕನ್ನಡದಲ್ಲಿ ನಾವೇ ಜೋಡಿಸಿ ಮುದ್ರಿಸಿದೆವು. ಬರೆಯಲು ಬಾರದವರ ದೂರನ್ನು ಬರೆದುಕೊಳ್ಳಲು ಸಮಿತಿಯೇ ನೆರವಾಗಬೇಕೆಂದು ಕಾಯ್ದೆ ಹೇಳುತ್ತದೆ; ಹೆಬ್ಬೆಟ್ಟು ಒತ್ತಿ ಪಗಾರ ಪಡೆಯುವ ಇಬ್ಬರಿರುವ ನಮ್ಮಲ್ಲಿ ಆ ಸಾಲನ್ನೇ ಎಲ್ಲಕ್ಕಿಂತ ಮೇಲೆ ಇಟ್ಟೆವು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬುದನ್ನೂ, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕೆಂಬುದನ್ನೂ ಕೆಳಗೆ ಸೇರಿಸಿದೆವು.

ಆದರೆ ಗದಗಿನಲ್ಲಿ ಹತ್ತು ಜನಕ್ಕಿಂತ ಕಡಿಮೆ ಇರುವ ಚಿಕ್ಕ ಪ್ರೆಸ್ಸುಗಳು, ಅಂಗಡಿಗಳು, ಹೊಲಿಗೆಯ ಘಟಕಗಳು ಎಷ್ಟೋ ಇವೆ. ಅಲ್ಲಿ ದುಡಿಯುವವರಿಗೂ, ಮನೆಗೆಲಸದವರಿಗೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರು ಮಾಲಕರ ಮೇಲೆಯೇ ಇದ್ದರೆ ಎಷ್ಟು ಜನರಿರುವ ಜಾಗದವರೂ ಅಲ್ಲಿಗೇ ಹೋಗಬಹುದು. ಈ ಕೊನೆಯ ಮಾತನ್ನು ಫಲಕದಲ್ಲಿ ಹಾಕಬೇಕೆಂದಾಗ ನಮ್ಮ ಮಾಲಕರು ಒಂದು ಕ್ಷಣ ಸುಮ್ಮನಾದರು, ಆಮೇಲೆ ನಕ್ಕು ಹಾಕಿರೆಂದರು. ಆ ನಗುವಿಗಾಗಿ ನಾನು ಅವರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದೇನೆ.

ಇಷ್ಟೆಲ್ಲ ಮಾಡಿದರೂ ಬಳೆಯಿಲ್ಲದ ಆ ಕೈಗೆ ಈ ಕಾಯ್ದೆ ತಲುಪುವುದಿಲ್ಲ, ಏಕೆಂದರೆ ಏಟು ಬಿದ್ದದ್ದು ಮನೆಯಲ್ಲಿ. ಅದಕ್ಕಿರುವುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ನಾವೆಲ್ಲ ಸಿಡಿಪಿಒ ಎಂದು ಕರೆಯುವವರು, ಅದರ ಸಂರಕ್ಷಣಾಧಿಕಾರಿಗಳಾಗಿದ್ದಾರೆ. ಹಿಂಸೆಗೊಳಗಾದವರಿಗೆ ನೆರವಾಗುವ ಸಾಂತ್ವನ ಕೇಂದ್ರಗಳೂ ಸಖಿ ಕೇಂದ್ರಗಳೂ ಇವೆ. ಹೊಡೆತ ಬಡಿತವಷ್ಟೇ ಅಲ್ಲದೆ ಆರ್ಥಿಕ ದೌರ್ಜನ್ಯವನ್ನೂ ಆ ಕಾಯ್ದೆ ಹಿಂಸೆಯೆಂದು ಎಣಿಸುತ್ತದೆ. ಅದನ್ನು ಓದಿದ ದಿನ ನಾನು ಪಗಾರದ ಪಟ್ಟಿಯನ್ನು ತೆರೆದು ಕುಳಿತೆ. ಒಂಬತ್ತು ಹೆಂಗಸರಲ್ಲಿ ನಾಲ್ವರ ಪಗಾರ ಗಂಡನ ಖಾತೆಗೆ ಹೋಗುತ್ತಿತ್ತು. ತುರ್ತು ಸಂಪರ್ಕ ಎಂಬ ಅಂಕಣದಲ್ಲಿ ಏಳು ಜನರ ಮುಂದೆ ಗಂಡನ ನಂಬರ್ ಇತ್ತು. ಅಂದರೆ ಆಕೆ ಕೆಲಸಕ್ಕೆ ಬಾರದ ದಿನ ನಾವು ಯಾರನ್ನು ವಿಚಾರಿಸುತ್ತಿದ್ದೆವೋ ಆತನೇ ಆಕೆ ಬಾರದಂತೆ ಮಾಡಿದವನೂ ಆಗಿರಬಹುದಿತ್ತು.

ಈಗ ಆ ಅಂಕಣದಲ್ಲಿ ಎರಡು ನಂಬರ್‌ಗಳಿವೆ, ಎರಡನೆಯದು ಆಕೆಯೇ ಆರಿಸಿದ್ದು: ಅಕ್ಕ, ತಾಯಿ, ಗೆಳತಿ, ಒಬ್ಬರದಂತೂ ಅಂಗನವಾಡಿ ಕಾರ್ಯಕರ್ತೆಯದು. ಮೊದಲು ಹಚ್ಚುವುದು ಎರಡನೆಯ ನಂಬರಿಗೆ. ಪಗಾರದ ವಿಷಯದಲ್ಲಿ ಮಾತ್ರ ನಾನು ಆತುರಪಟ್ಟು ಎಲ್ಲರ ಖಾತೆಗಳನ್ನು ಬದಲಿಸಲು ಹೊರಟಾಗ ಬೈಂಡಿಂಗಿನ ಹಿರಿಯರೊಬ್ಬರು ತಡೆದರು. “ಈ ತಿಂಗಳಾ ರೊಕ್ಕ ಬರಲಿಲ್ಲಂದ್ರ ಮನ್ಯಾಗ ಏನ ಆಗತೈತಿ ಅನ್ನೂದು ನಿಮಗ ಗೊತ್ತಿಲ್ರಿ” ಎಂದರು. ಅವರ ಮಾತು ಸರಿಯಾಗಿತ್ತು. ಆದ್ದರಿಂದ ಖಾತೆ ಯಾವಾಗ, ಎಷ್ಟರ ಮಟ್ಟಿಗೆ ಬದಲಾಗಬೇಕೆಂಬುದು ಆಕೆಯ ನಿರ್ಧಾರ. ಇಬ್ಬರು ಪಗಾರವನ್ನು ಹಳೆಯ ಖಾತೆಗೇ ಬಿಟ್ಟು, ಹೆಚ್ಚುವರಿ ದುಡಿಮೆಯ ಹಣವನ್ನು ತಮ್ಮ ಹೆಸರಿನ ಅಂಚೆ ಖಾತೆಗೆ ಹಾಕಿಸಿಕೊಳ್ಳುತ್ತಾರೆ.

ಕಾರಣ ಕೇಳದೆ ಕೊಡುವ ರಜೆಯ ಕುರಿತು ಮಾಲಕರೊಂದಿಗೆ ವಾದವೇ ನಡೆಯಿತು. ಫಿಲಿಪ್ಪೀನ್ಸಿನಲ್ಲಿ 2004ರ ಕಾನೂನು ಹಿಂಸೆಗೊಳಗಾದ ಮಹಿಳೆಗೆ ಹತ್ತು ದಿನಗಳ ಸಂಬಳದ ರಜೆ ಕೊಡುತ್ತದೆ, ನ್ಯೂಜಿಲೆಂಡಿನಲ್ಲಿ 2019ರಿಂದ ಅಷ್ಟೇ ದಿನಗಳ ರಜೆಯಿದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಡಂಬಡಿಕೆ ಮನೆಯ ಹಿಂಸೆ ಕೆಲಸದ ಮೇಲೆ ಬೀರುವ ಪರಿಣಾಮವನ್ನು ಒಪ್ಪಿಕೊಂಡಿದೆ ಎಂದೆಲ್ಲ ನಾನು ಹೇಳಿದೆ. “ಅದು ಫಿಲಿಪ್ಪೀನ್ಸ್ ಆತ್ರಿ ಮೇಡಂ, ಇದು ಗದಗ. ಕಾರಣ ಕೇಳಬಾರದು ಅಂದ್ರ ಸೀಜನ್‌ನ್ಯಾಗ ಎಲ್ಲಾರೂ ಸೂಟಿ ತಗೋತಾರ” ಎಂದರು ಅವರು. ಕೊನೆಗೆ ವರ್ಷಕ್ಕೆ ಐದು ದಿನಗಳಿಗೆ ಒಪ್ಪಿದರು. ಪುಸ್ತಕದಲ್ಲಿ ಅದನ್ನು ಬೇರೆ ಹೆಸರಿನಿಂದ ಬರೆಯುವುದಿಲ್ಲ, ಸಾಮಾನ್ಯ ಹಕ್ಕಿನ ರಜೆಯ ಗುರುತನ್ನೇ ಹಾಕುತ್ತೇನೆ; ಕಟಿಂಗ್ ಮಶಿನ್ನಿನ ಹುಡುಗ ಯಾರದೋ ಮೈದುನ, ಮಶಿನ್ ಮನ್ ಇನ್ನಾರದೋ ಸೋದರಮಾವ ಆಗಿರುವ ಊರಿನಲ್ಲಿ ಗುಟ್ಟೆಂಬುದನ್ನು ಹೀಗೇ ಕಾಯಬೇಕು. ಇದುವರೆಗೆ ಆ ರಜೆ ಕೇಳಿದವರು ಇಬ್ಬರೇ.

ಇನ್ನು ಮಕ್ಕಳ ವಿಷಯ. ಶಾಲೆ ಬಿಟ್ಟ ಮೇಲೆ ತಾಯಿಯ ಪಕ್ಕದಲ್ಲಿ ಕುಳಿತ ಮಗು ಬೇಸರಕ್ಕೆ ಅಂಟು ಹಚ್ಚಲು ಕೈ ಹಾಕಿದರೆ ಅದು ಸಹಾಯವೆಂದೇ ಎಲ್ಲರೂ ಭಾವಿಸುತ್ತಿದ್ದರು. ಹದಿನಾಲ್ಕರ ಒಳಗಿನವರಿಂದ ಕೆಲಸ ಮಾಡಿಸುವಂತಿಲ್ಲ, ಸ್ವಂತ ಕುಟುಂಬದ ಉದ್ಯಮಕ್ಕಿರುವ ವಿನಾಯಿತಿ ನಮಗೆ ಅನ್ವಯಿಸುವುದೂ ಇಲ್ಲ. ಹಳೆಯ ಕಾಗದದ ಕೋಣೆಯನ್ನು ಖಾಲಿ ಮಾಡಿ ಕೂರಲು ಜಾಗ ಮಾಡಿದೆವು, ಅಷ್ಟೇ. ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧವೆಂಬುದನ್ನು ಮಶಿನ್ ವಿಭಾಗದ ಗಂಡಸರಿಗೂ ಸೇರಿಸಿ ಹೇಳಿದಾಗ, ಅದು ಹೊರಗಿನವರಿಗೂ ಅನ್ವಯಿಸುತ್ತದೆಯೇ ಎಂದು ಮೂರು ಜನ ಕೇಳಿದರು. ಹೌದು, ಎಲ್ಲರಿಗೂ.

ಆದರೆ ಪ್ರೆಸ್ ಎಂಬ ಕೆಲಸದ ಸ್ಥಳಕ್ಕೆ ಮಕ್ಕಳ ಪರವಾಗಿ ಮಾಡಲು ಸಿಗುವ ನಿಜವಾದ ಅವಕಾಶ ಕೌಂಟರಿನಲ್ಲಿದೆ. ಮುದ್ರಣ ಕಾಶಿ ಎಂದು ಹೆಸರಾದ ಊರು ನಮ್ಮದು. ಸುತ್ತಲಿನ ಹಳ್ಳಿಗಳಲ್ಲಿ ಲಗ್ನ ನಿಶ್ಚಯವಾದ ಕೂಡಲೇ ಮುಹೂರ್ತದ ಚೀಟಿ ಹಿಡಿದು ಬರುವುದು ನಮ್ಮಂಥವರ ಬಳಿಗೆ. ಹದಿನೆಂಟು ತುಂಬದ ಹುಡುಗಿಯ ಹೆಸರನ್ನು ‘ಚಿ. ಕುಂ. ಸೌ.’ ಎಂದು ಜೋಡಿಸಿ ಪ್ರೂಫ್ ತೆಗೆದವರು ಆ ಲಗ್ನದ ವಿಷಯ ತಿಳಿದ ಮೊದಲ ಹೊರಗಿನವರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇಂಥ ಲಗ್ನಕ್ಕೆ ಸಹಕರಿಸಿದವರಿಗೂ ಎರಡು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಕಳೆದ ವರ್ಷದಿಂದ ನಾವು ಲಗ್ನಪತ್ರಿಕೆಯ ಪ್ರತಿ ಆರ್ಡರಿಗೂ ಅರ್ಧ ಹಾಳೆಯ ಒಂದು ನಮೂನೆ ತುಂಬಿಸುತ್ತೇವೆ. ವಧುವರರ ಜನ್ಮದಿನಾಂಕ, ಅದಕ್ಕೆ ಶಾಲೆಯ ದಾಖಲೆಯ ನಕಲು. ಆಧಾರ್ ಏಕಾಗದೆಂದು ಕೇಳುತ್ತಾರೆ. ಜನವರಿ ಒಂದರಂದೇ ಹುಟ್ಟಿದ ಎಷ್ಟು ಆಧಾರ್ ಕಾರ್ಡುಗಳನ್ನು ನಾನು ನೋಡಿದ್ದೇನೋ ಲೆಕ್ಕವಿಲ್ಲ. ಟಿ.ಸಿ. ಅಥವಾ ಹತ್ತನೆಯ ತರಗತಿಯ ಅಂಕಪಟ್ಟಿ ಸುಳ್ಳು ಹೇಳುವುದು ಕಡಿಮೆ.

ಮಾಘ ಮಾಸದ ಒಂದು ಮಧ್ಯಾಹ್ನ ಐದುನೂರು ಪತ್ರಿಕೆಗಳ ಆರ್ಡರ್ ತಂದ ತಂದೆಯೊಬ್ಬರು ನಮೂನೆ ನೋಡಿ ಕೈ ಹಿಂದೆಳೆದರು. “ಹುಡುಗಿ ದೊಡ್ಡಾಕಿ ಅದಾಳ್ರಿ ಮೇಡಂ, ನೋಡಿದ್ರ ನೀವ ಹೇಳ್ತೀರಿ. ಬಾಜೂ ಪ್ರೆಸ್‌ನ್ಯಾಗ ಇದೆಲ್ಲಾ ಕೇಳಂಗಿಲ್ಲ” ಎಂದು ಬಾಗಿಲಲ್ಲಿ ನಿಂತು ಜೋರಾಗಿ ಮಾತನಾಡಿ ಹೊರಟುಹೋದರು. ಆರ್ಡರ್ ಬಿಟ್ಟೆವೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ನಮ್ಮ ಕೈ ತೊಳೆದುಕೊಂಡಂತೆ ಆಗುತ್ತಿತ್ತೇ ಹೊರತು ಲಗ್ನ ನಿಲ್ಲುತ್ತಿರಲಿಲ್ಲ. ಅವರ ಚೀಟಿಯಲ್ಲಿದ್ದ ಊರು ಮತ್ತು ತಾರೀಖು ನೆನಪಿದ್ದವು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಅಧಿಕಾರಿಗಳು ಹೋಗಿ ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡರು. ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಳೆಂದು ಆ ಊರಿನ ಗಿರಾಕಿಯೊಬ್ಬರು ಹೇಳಿದರು, ಅದರಾಚೆಯ ಸುದ್ದಿ ನನಗೆ ಬಂದಿಲ್ಲ. ಆ ಊರಿನ ಎರಡು ಅಂಗಡಿಗಳ ಬಿಲ್ ಬುಕ್ಕಿನ ಕೆಲಸ ಮಾತ್ರ ನಮ್ಮಿಂದ ತಪ್ಪಿಹೋಯಿತು. ಮಾಲಕರು ಅದನ್ನು ಎರಡು ಸಲ ನೆನಪಿಸಿದರು, ಮೂರನೆಯ ಸಲ ನೆನಪಿಸಲಿಲ್ಲ.

ಪತ್ರಿಕೆಯನ್ನೇ ಹೊಡೆಸದೆ ಫೋನಿನಲ್ಲಿಯೇ ಆಮಂತ್ರಣ ಕಳಿಸಿ, ನಸುಕಿನಲ್ಲಿ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸುವವರನ್ನು ನಮ್ಮ ನಮೂನೆ ಹಿಡಿಯಲಾರದು ಎಂಬುದು ನನಗೆ ಗೊತ್ತಿದೆ. ಒಂದು ಪ್ರೆಸ್ ಕೇಳಿ ಪಕ್ಕದ್ದು ಕೇಳದಿದ್ದರೆ ಅದು ಇನ್ನೂ ದುರ್ಬಲ. ಆದ್ದರಿಂದ ಈ ಬಾರಿ ಕರಪತ್ರದ ಸಂಘದವರು ಬಂದಾಗ ಮುದ್ರಣದ ಕೂಲಿ ಬಿಡುವುದರ ಜೊತೆಗೆ ಅವರನ್ನು ಕರೆದುಕೊಂಡು ನಾನೂ ಮಾಲಕರೂ ಉಳಿದ ಪ್ರೆಸ್ಸುಗಳಿಗೆ ಹೋದೆವು. ನಾಲ್ವರು ಒಪ್ಪಿದ್ದಾರೆ, ಒಬ್ಬರು ಸೀಜನ್ ಮುಗಿಯಲಿ ಎಂದಿದ್ದಾರೆ. ಐವರ ಲೆಕ್ಕಕ್ಕೆ ಡೈರಿಯ ಕಟಿಂಗಿನಲ್ಲಿ ಉಳಿದ ಕಾಗದದ ಮೇಲೆ ಇನ್ನೂರೈವತ್ತು ನಮೂನೆಗಳನ್ನು ಹೊಡೆದು ಐವತ್ತರಂತೆ ಪ್ಯಾಡ್ ಕಟ್ಟಿದ್ದೇವೆ. ಅಂಟು ಹಚ್ಚಿ ಅಂಚು ತೀಡಿದವರು ಬೆಟಗೇರಿಯ ಅದೇ ಹೆಣ್ಣುಮಗಳು. ಒಪ್ಪದವರ ಪಾಲಿನ ಒಂದು ಪ್ಯಾಡ್ ನನ್ನ ಟೇಬಲ್ಲಿನ ಮೇಲೆ, ಫೋನಿನ ಪಕ್ಕದಲ್ಲಿದೆ.