ಒಂಬತ್ತು ತಿಂಗಳ ಕೂಸಿನ ಜೊತೆ ಜರ್ಮನಿಯ ಕುಂಬಳಕಾಯಿ ಹಬ್ಬ, ಲಾಟೀನ್ ಮೆರವಣಿಗೆ

ನಾವಿರೋದು ಸ್ಟುಟ್‌ಗಾರ್ಟ್ ಹತ್ರ. ಮಗಳಿಗೆ ಆಗ ಒಂಬತ್ತು ತಿಂಗಳು, ತುಮಕೂರಿಂದ ಅತ್ತೆ ಬಂದಿದ್ರು, ಹೊರಗೆ ಚಳಿ ಶುರುವಾಗಿತ್ತು. ಈ ಚಳೀಲಿ ಕೂಸು ಕಟ್ಕೊಂಡು ಎಲ್ಲಿಗೆ ಹೋಗೋದು ಅಂತ ಕೇಳೋರಿಗೆ ನಾನು ಹೇಳೋದಿಷ್ಟೇ, ಮಗು ಸಣ್ಣದಿರೋವಾಗ ದೊಡ್ಡ ಬಿಯರ್ ಜಾತ್ರೆ ಆಸೆ ಬಿಟ್ಬಿಡಿ, ಮಕ್ಕಳನ್ನ ಮನಸ್ಸಲ್ಲಿಟ್ಕೊಂಡೇ ಮಾಡೋ ಹಬ್ಬಗಳಿಗೆ ಹೋಗಿ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ಗೆ ಶನಿವಾರ ಮತ್ತೆ ಅಕ್ಟೋಬರ್ 3ನೇ ತಾರೀಕು ಸ್ಟ್ರಾಲರ್ ಬಿಡೋದೇ ಇಲ್ಲ, ಉಳಿದ ದಿನ ಸಂಜೆ 6ರ ತನಕ ಮಾತ್ರ.

ನಾವು ಹೋಗಿದ್ದು ಲುಡ್ವಿಗ್ಸ್‌ಬರ್ಗ್ ಅರಮನೆ ತೋಟಕ್ಕೆ. 2000ದಿಂದ ಅಲ್ಲಿ ವರ್ಷಾವರ್ಷ ಕುಂಬಳಕಾಯಿ ಪ್ರದರ್ಶನ ನಡೀತಿದೆ, ಆಗಸ್ಟ್ ಕೊನೇಲಿ ಶುರುವಾಗುತ್ತೆ, ಅಕ್ಟೋಬರ್ ಪೂರ್ತಿ ಇರುತ್ತೆ. ಸ್ಟುಟ್‌ಗಾರ್ಟ್ ಮೇನ್ ಸ್ಟೇಷನ್ನಿಂದ ಎಸ್4 ಅಥವಾ ಎಸ್5 ಟ್ರೈನ್ ಹತ್ತಿದ್ರೆ ಕಾಲು ಗಂಟೆ ಚಿಲ್ರೆ, ಇಳಿದ ಮೇಲೆ ಸ್ಟ್ರಾಲರ್ ತಳ್ಕೊಂಡು ನಡೆದೇ ಹೋಗಬಹುದು. ಒಳಗೆ ಹೋದ ತಕ್ಷಣ ಅತ್ತೆ ನಿಂತ್ಬಿಟ್ರು, "ಏನೇ ಇದು, ಆಯುಧಪೂಜೆಗೆ ಇಡೀ ರಾಜ್ಯಕ್ಕೆ ಆಗೋಷ್ಟಿದೆಯಲ್ಲೇ" ಅಂದ್ರು! ನಮ್ಮ ಕಡೆ ಸಿಹಿಕುಂಬಳ, ಬೂದುಗುಂಬಳ ಅಂತ ಎರಡು ನೋಡಿರೋ ಕಣ್ಣಿಗೆ ಅಲ್ಲಿ ನೂರಾರು ತಳಿ, ಕಿತ್ತಳೆ, ಬಿಳಿ, ಹಸಿರು, ಮೈ ತುಂಬಾ ಗಂಟು ಗಂಟು ಇರೋದು, ಹಂಸದ ಕತ್ತಿನ ಥರ ಬಾಗಿರೋದು, ಕುಂಬಳದಲ್ಲೇ ಮಾಡಿದ ಮನುಷ್ಯರಿಗಿಂತ ಎತ್ತರದ ಗೊಂಬೆಗಳು ಬೇರೆ. ಮಗಳನ್ನ ಒಂದರ ಪಕ್ಕ ಕೂರಿಸಿದ್ರೆ ಎರಡೂ ಕೈಯಲ್ಲಿ ಅದರ ತಣ್ಣನೆ ಮೈ ತಟ್ಟಿ ತಟ್ಟಿ ನೋಡ್ತಾ ಇದ್ಲು, ನಾವು ಅಲ್ಲಿಂದ ಏಳೋಕೆ ಅರ್ಧ ಗಂಟೆ ಆಯ್ತು. ವೀಕೆಂಡ್ ಆದ್ರೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಮಧ್ಯಾಹ್ನ ಸೂಪ್ ಕೌಂಟರ್ ಮುಂದೆ ಸ್ಟ್ರಾಲರ್ ತಿರುಗಿಸೋಕೂ ಜಾಗ ಇರಲ್ಲ.

ಮನೆಗೆ ತರೋದಾದ್ರೆ ಹೊಕ್ಕೈಡೊ ಅನ್ನೋ ಸಣ್ಣ ಕಿತ್ತಳೆ ಬಣ್ಣದ್ದು ತಗೊಳ್ಳಿ, ಸಿಪ್ಪೆ ತೆಗೆಯೋ ಕೆಲಸ ಇಲ್ಲ, ಬೇಯಿಸಿ ಮಸೆದ್ರೆ ಮಗು ಊಟ ರೆಡಿ, ಉಳಿದಿದ್ದಕ್ಕೆ ಅತ್ತೆ ಹುಳಿ ಮಾಡಿದ್ರು. ಆದ್ರೆ ಅಲಂಕಾರಕ್ಕೆ ಅಂತ ಮಾರೋ ಪುಟ್ಟ ಕುಂಬಳ ಯಾವತ್ತೂ ಅಡುಗೆಗೆ ಬೇಡ, ಕಹಿ ಇದ್ರೆ ಅದು ವಿಷನೇ. ಹಾಗೇನೇ ಪಾರ್ಕಲ್ಲಿ ಮಕ್ಕಳು ಆರಿಸೋ ಕಸ್ಟಾನಿಯೆನ್ ಅನ್ನೋ ಕಾಡು ಚೆಸ್ಟ್‌ನಟ್ ಬೀಜ, ಎಣ್ಣೆ ಸವರಿದ ಬೀಟೆ ಮರದ ಥರ ಹೊಳೆಯುತ್ತೆ, ಕೈಗೆ ಸಿಕ್ಕಿದ್ರೆ ಬಿಡೋಕೆ ಮನಸ್ಸಾಗಲ್ಲ, ಆದ್ರೆ ತಿನ್ನೋ ಚೆಸ್ಟ್‌ನಟ್ ಅದಲ್ಲ, ಸಾಲದ್ದಕ್ಕೆ ಕೂಸಿನ ಗಂಟಲಿಗೆ ಸಿಕ್ಕಿಕೊಳ್ಳೋ ಗಾತ್ರ. ಒಂದು ಕ್ಷಣನೂ ಮಗು ಮೇಲಿಂದ ಕಣ್ಣು ತೆಗೀಬೇಡಿ.

ಡೈಪರ್ ವಿಷ್ಯ. ಸೋಪು, ಮಗು ಸಾಮಾನೆಲ್ಲಾ ಮಾರೋ ಡಿಎಂ ಅನ್ನೋ ಅಂಗಡಿಗಳಲ್ಲಿ ಮಗು ಡೈಪರ್ ಬದಲಾಯಿಸೋ ಟೇಬಲ್ ಇರುತ್ತೆ, ಡೈಪರೂ ಫ್ರೀ, ಭಾನುವಾರ ಮಾತ್ರ ಅಂಗಡಿಗಳೇ ಬಂದ್, ಅವತ್ತಿಗೆ ಎಲ್ಲಾ ಕಟ್ಕೊಂಡೇ ಹೊರಡಿ. ಬಟ್ಟೆ ಪದರ ಪದರ ಹಾಕಿ, ಟ್ರೈನ್ ಒಳಗೆ ಸೆಕೆ ಆಗುತ್ತೆ, ಒಂದೊಂದೇ ತೆಗೆಯೋಕೆ ಬರಬೇಕು.

ನನಗೆ ತುಂಬಾ ಹಿಡಿಸಿದ್ದು ನವೆಂಬರ್ 11ರ ಸಂತ ಮಾರ್ಟಿನ್ ಲಾಟೀನ್ ಮೆರವಣಿಗೆ. ಚಳಿಗೆ ನಡುಗ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿನ ಅರ್ಧ ಕತ್ತರಿಸಿ ಕೊಟ್ಟ ಮಾರ್ಟಿನ್ ಕಥೆ ಅದು. ದೀಪಾವಳಿಗೆ ಆಕಾಶಬುಟ್ಟಿ ಮಾಡಿ ಅಭ್ಯಾಸ ಇದ್ದ ಅತ್ತೆ ಬಣ್ಣದ ಕಾಗದ ಅಂಟಿಸಿ ಮಗಳಿಗೊಂದು ಪುಟ್ಟ ಲಾಟೀನು ಮಾಡಿದ್ರು. ಅಷ್ಟೊತ್ತಿಗೆ ಇಲ್ಲಿ ಸಂಜೆ ಐದಕ್ಕೆಲ್ಲಾ ಕತ್ತಲೆ, ನಾವಿರೋ ಊರಲ್ಲಿ ಮುಂದೆ ಕುದುರೆ ಮೇಲೆ ಮಾರ್ಟಿನ್ ವೇಷದವರು, ಹಿಂದೆ ಹಾಡ್ಕೊಂಡು ಮಕ್ಕಳು, ಕೊನೆಗೆ ಬೆಂಕಿ ಸುತ್ತ ಎಲ್ಲರೂ ನಿಂತಾಗ ಪಕ್ಕದಲ್ಲಿದ್ದ ಒಬ್ಬ ಹುಡುಗ ತನ್ನ ಬನ್ ಮುರಿದು ಅರ್ಧ ಅತ್ತೆ ಕೈಗಿಟ್ಟ. ಅತ್ತೆಗೆ ಜರ್ಮನ್ ಬರಲ್ಲ, ಅವನ ತಲೆ ಸವರಿದ್ರು ಅಷ್ಟೇ.

ಲಾಟೀನಿಗೆ ನಿಜವಾದ ಮೇಣದಬತ್ತಿ ಬೇಡ, ಎಲ್‌ಇಡಿ ಕಡ್ಡಿ ಸಿಗುತ್ತೆ, ಅದು ಹಾಕಿ. ಮಗುನ ಸ್ಟ್ರಾಲರ್ ಬದಲು ಎದೆಗೆ ಕಟ್ಕೊಳ್ಳಿ, ಬೆಚ್ಚಗಿರುತ್ತೆ, ದೀಪಾನೂ ಕಾಣುತ್ತೆ. ಎಲ್ಲಾ ಊರಲ್ಲೂ 11ಕ್ಕೇ ಮಾಡಲ್ಲ, ಒಂದೆರಡು ದಿನ ಹಿಂದೆ ಮುಂದೆ ಇಟ್ಕೊಳ್ತಾರೆ, ಹತ್ತಿರದ ಕಿಂಡರ್‌ಗಾರ್ಟನ್ ಅಥವಾ ಚರ್ಚ್ ಬಾಗಿಲಲ್ಲಿ ಚೀಟಿ ಅಂಟಿಸಿರ್ತಾರೆ ನೋಡ್ಕೊಳ್ಳಿ.